ಮಾವನ ವಿಡಿಯೋದಿಂದ ಯಾರನ್ನೂ ಇಳಿಸುವುದಿಲ್ಲ

ನಮ್ಮ ಮಾವ ತಯಾರಿಸಿದ ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಎದ್ದವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬರು ಸ್ವತಃ ಮಾವ. ಇನ್ನೊಬ್ಬಳು ಅವರ ಅಕ್ಕ, ಅಂದರೆ ನನ್ನ ಅವ್ವ. ಅವ್ವ ಯಾಕೆ ನೋಡಿದಳು ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಹೋದ ಮಳೆಗಾಲದಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ಉಳಿದವು, ಆದರೆ ಜನರ ಹೆಸರುಗಳೆಲ್ಲ ನಾಲಿಗೆಯಿಂದ ಜಾರಿಹೋದವು. ಈಗ ಪುಣ್ಯಕ್ಕೆ ಒಂದೊಂದಾಗಿ ಮರಳಿವೆ. ನಿನ್ನೆಯಂತೂ ನನ್ನನ್ನೇ ಹೆಸರು ಹಿಡಿದು ಬೈದಳು! ಆ ಬೈಗುಳ ಕಿವಿಗೆ ಬಿದ್ದ ನೆಮ್ಮದಿಯಲ್ಲಿ, ಮಾವನನ್ನು ಆಡಿಕೊಳ್ಳಲು ಆರಾಮಾಗಿ ಕೂತಿದ್ದೇನೆ.

ಮಾವ ನ್ಯಾಮತಿಯಿಂದ ಚನ್ನಗಿರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರಬೇಕಲ್ಲ? ಒಂದು ಹಳೆಯ ಕಂಪ್ಯೂಟರ್ ತಂದು, ಮನೆತನದ ನಾಮಕರಣ, ಸೀಮಂತ, ಗೃಹಪ್ರವೇಶಗಳನ್ನೆಲ್ಲ ತಾವೇ ಚಿತ್ರೀಕರಿಸಿ ಎಡಿಟಿಂಗ್ ಮಾಡಲು ಶುರುಮಾಡಿದರು. ಎಡಿಟಿಂಗ್ ಎಂದರೆ ಬೇಡದ್ದನ್ನು ಕತ್ತರಿಸುವುದು ಎಂದು ನೀವು ತಿಳಿದಿರಬಹುದು. ಮಾವನ ನಿಘಂಟಿನಲ್ಲಿ ಆ ಪದಕ್ಕೆ ಅರ್ಥವೇ ಬೇರೆ. ಅವರು ಅಂಟಿಸುತ್ತಾರೆ, ಕತ್ತರಿಸುವುದಿಲ್ಲ.

"ಹತ್ತಿದೋರ್ನ ನಡುದಾರೀಲಿ ಇಳಿಸಾಕೆ ಆಗುತ್ತೇನವ್ವಾ?" ಎಂದು ನನ್ನನ್ನೇ ಕೇಳುತ್ತಾರೆ. "ಕರೆದಿದ್ದಕ್ಕೆ ಬಂದಾರೆ. ನಾಳೆ ವಿಡಿಯೋ ನೋಡಿ ನಾನೆಲ್ಲಿ ಅಂದ್ರೆ ಏನ್ ಹೇಳ್ಲಿ?"

ಹಾಗಾಗಿ ಅವರು ಮಾಡಿದ ಒಂದು ನಾಮಕರಣದ ವಿಡಿಯೋ ಮೂರು ಮುಕ್ಕಾಲು ಗಂಟೆ. ಅದರಲ್ಲಿ ಮಗು ಕಾಣುವುದು ಆರು ನಿಮಿಷ. ಉಳಿದದ್ದೆಲ್ಲ ಜನ! ಚಪ್ಪಲಿ ಹುಡುಕುವವರು, ಬಾಗಿಲಲ್ಲಿ ನಿಂತು ಹೊರಡುತ್ತೇವೆಂದು ಅರ್ಧ ಗಂಟೆ ಹೇಳುವವರು, ಹೊರಟು ಮತ್ತೆ ಕೊಡೆಗೆಂದು ಬಂದವರು.

ಅಷ್ಟಕ್ಕೇ ಮುಗಿಯುವುದಿಲ್ಲ. ಬಂದವರ ಪಟ್ಟಿ ಬರೆದುಕೊಂಡು, ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ತಲೆ ಎಣಿಸುತ್ತಾರೆ. ಹೊನ್ನಾಳಿಯಲ್ಲಿ ನಮ್ಮ ಗೃಹಪ್ರವೇಶವಾದಾಗ ಲೆಕ್ಕದಲ್ಲಿ ಒಂದು ತಲೆ ಕಮ್ಮಿ ಬಿತ್ತು. ನೆಂಟರ ಪೈಕಿ ಗೋವಿನಕೋವಿಯ ಅಜ್ಜಿಯೊಬ್ಬಳು ಬಂದಿದ್ದಳು, ಆದರೆ ಇಡೀ ದಿನ ಕಂಬದ ಮರೆಯಲ್ಲಿ ಕೂತಿದ್ದಳು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಮಾವ ಬಿಟ್ಟಾರೆಯೇ! ಮರುವಾರ ಗೋವಿನಕೋವಿಗೆ ಹೋಗಿ, ಅಜ್ಜಿಗೆ ಅದೇ ಹಸಿರು ಸೀರೆ ಉಡಿಸಿ, ಕೈಗೆ ಅಕ್ಷತೆ ಕೊಟ್ಟು, ಅವಳ ಹಿತ್ತಲಲ್ಲೇ ನಿಲ್ಲಿಸಿ ಚಿತ್ರೀಕರಿಸಿ ತಂದು ಅಂಟಿಸಿದರು. ಆ ಅಜ್ಜಿಗೊಂದು ಎಮ್ಮೆ, ಹೆಸರು ಗೌರಿ. ಗೌರಿಯ ಸುದ್ದಿಯಿಲ್ಲದೆ ಅಜ್ಜಿ ಮಾತೇ ಮುಗಿಸುವವಳಲ್ಲ. ಪರಿಣಾಮವೇನೆಂದರೆ, ನಮ್ಮ ಗೃಹಪ್ರವೇಶದ ವಿಡಿಯೋದಲ್ಲಿ ಹೋಮ ಮುಗಿದು ಮಂಗಳಾರತಿ ಆಗುವ ಮುಂಚೆ, ಅಜ್ಜಿಯ ಭುಜದ ಹಿಂದಿನಿಂದ ಒಂದು ಎಮ್ಮೆ ಮೆಲುಕು ಹಾಕುತ್ತ ನಮ್ಮನ್ನೆಲ್ಲ ಆಶೀರ್ವದಿಸುತ್ತದೆ!

ಅಂಟಿಸಿದ್ದಾದ ಮೇಲೆ ಆ ತುಣುಕುಗಳನ್ನೆಲ್ಲ ಕಂಪ್ಯೂಟರ್ ಅರೆದು ಕಲಸಿ ಒಂದೇ ವಿಡಿಯೋ ಮಾಡಿಕೊಡಬೇಕು. ಇದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಎಷ್ಟು ಮುಗಿಯಿತೆಂದು ಪರದೆಯ ಮೇಲೆ ಶೇಕಡಾ ಲೆಕ್ಕ ಬರುತ್ತಿರುತ್ತದೆ. ಮಾವನಿಗೆ ಆ ಲೆಕ್ಕ ಒಗ್ಗಲಿಲ್ಲ. ಅವರಿಗೆ ತಮ್ಮ ಬಸ್ಸಿನ ದಾರಿಯೇ ಲೆಕ್ಕ: ಸೊನ್ನೆ ಅಂದರೆ ನ್ಯಾಮತಿ, ಹದಿನೈದು ಗೋವಿನಕೋವಿ, ಮೂವತ್ತು ಹೊನ್ನಾಳಿ, ಎಂಬತ್ತು ಕೆರೆಬಿಳಚಿ, ನೂರಕ್ಕೆ ಚನ್ನಗಿರಿ. ಗುಂಡಿ ಒತ್ತಿ, ಹಳೆಯ ಸೀಟಿ ಊದಿ, "ರೈಟ್ ರೈಟ್!" ಅಂದರೆ ಬಸ್ಸು ಹೊರಟಿತೆಂದೇ ಅರ್ಥ. ಅಲ್ಲಿಂದ ಮುಂದೆ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ, ಇಸ್ತ್ರಿ ಪೆಟ್ಟಿಗೆ ಮುಟ್ಟುವಂತಿಲ್ಲ. ಫ್ಯಾನು ಮಾತ್ರ ಓಡುತ್ತದೆ, ಅದೂ ಕಂಪ್ಯೂಟರಿಗೆ. ಅತ್ತೆ ಮೂಲೆಯಲ್ಲಿ ಕೂತು ಚಟ್ನಿಯನ್ನು ಒರಳಲ್ಲಿ ಅರೆಯುತ್ತಾಳೆ.

ಅತ್ತೆ ಒಮ್ಮೆ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ಎಲ್ಲಿಗೆ ಬಂತ್ರೀ ನಿಮ್ ಬಸ್ಸು?" ಎಂದು ಕೇಳಿದಳು.

"ಕೆರೆಬಿಳಚಿ ದಾಟ್ತಾ ಐತೆ, ಸುಮ್ನಿರು."

"ಬೆಳಗ್ಗಿಂದ ಕೆರೆಬಿಳಚೀಲೇ ಐತಲ್ರೀ! ಇಳಿದು ನಡಕೊಂಡು ಹೋಗಿದ್ರೂ ಇಷ್ಟೊತ್ತಿಗೆ ಚನ್ನಗಿರೀಲಿ ಟೀ ಕುಡೀಬೋದಿತ್ತು."

ಅವಳ ಬಾಯಿ ಮುಚ್ಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಾವ ತಲೆಯ ಮೇಲೆ ಕೈ ಹೊತ್ತು, "ಮತ್ತೆ ನ್ಯಾಮತಿಯಿಂದಾನೇ ಹೊರಡ್ಬೇಕಲ್ಲೇ!" ಅಂದರು. ಹೀಗೆ ಒಮ್ಮೆ ಕರೆಂಟು ಹೋಗಿ, ಒಮ್ಮೆ ಪೆಟ್ಟಿಗೆ ಕಾದು, ನಮ್ಮ ಗೃಹಪ್ರವೇಶ ಆರು ಸಲ ನ್ಯಾಮತಿ ಬಿಟ್ಟು ಆರು ಸಲವೂ ಕೆರೆಬಿಳಚಿಯಲ್ಲಿ ಕೆಟ್ಟು ನಿಂತಿತು. ಕೊನೆಗೆ ರಿಪೇರಿ ಅಂಗಡಿಯವರೊಬ್ಬರು ಪೆಟ್ಟಿಗೆ ಬಿಚ್ಚಿ ಹಿಡಿ ಧೂಳು ತೆಗೆದು, "ಅಷ್ಟೂ ಒಂದೇ ಸಲ ಯಾಕೆ ಹೇರ್ತೀರಿ ಯಜಮಾನ್ರೇ? ಸಣ್ಣ ಸಣ್ಣ ಭಾಗ ಮಾಡಿ ರೆಂಡರ್ ಮಾಡ್ರಿ, ಆಮೇಲೆ ಜೋಡಿಸ್ರಿ" ಎಂದರು. ಮಾವನ ಮುಖ ಅರಳಿತು. "ಟಿಕೆಟ್ ಹರಿಯೋ ಹಂಗೆ ಸ್ಟೇಜ್ ಸ್ಟೇಜ್ ಅನ್ರಿ ಮತ್ತೆ! ಮೂವತ್ತು ವರ್ಷ ಮಾಡಿದ್ದೇ ಅದು!" ಅಂದಿನಿಂದ ಬಸ್ಸು ಸಲೀಸಾಗಿ ಚನ್ನಗಿರಿ ಸೇರುತ್ತಿದೆ. ಅತ್ತೆಗೆ ಮಿಕ್ಸಿ ವಾಪಸ್ಸು ಸಿಕ್ಕಿದೆ.

ಆದರೆ ನಮ್ಮಿಬ್ಬರಿಗೆ ಜಗಳವಾದದ್ದು ಊಟದ ಪಂಕ್ತಿಯ ವಿಷಯದಲ್ಲಿ. ಗೃಹಪ್ರವೇಶದ ದಿನ ಅವ್ವ ತುಪ್ಪದ ಗಿಂಡಿ ಹಿಡಿದು ಸಾಲು ಸಾಲಾಗಿ ಪ್ರತಿಯೊಬ್ಬರನ್ನೂ ಮಾತಾಡಿಸುತ್ತ ಬಂದಿದ್ದಳು. ಮಾವ ಅವಳ ಹಿಂದೆಯೇ ಕ್ಯಾಮೆರಾ ಹಿಡಿದು ನಡೆದಿದ್ದರು. ಇದೊಂದೇ ನಲವತ್ತು ನಿಮಿಷ!

"ಮಾವ, ಬರೀ ಉಣ್ಣೋದನ್ನ ಯಾರು ನೋಡ್ತಾರೆ? ಎರಡು ನಿಮಿಷಕ್ಕೆ ಇಳಿಸ್ರಿ" ಎಂದೆ.

ಮಾವ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಎಲೆ ಮುಂದೆ ಕುಂತೋರ್ನ ಅರ್ಧಕ್ಕೆ ಎಬ್ಬಿಸ್ತಾರೇನವ್ವಾ ಯಾರಾರ?"

ನನಗೆ ಕೋಪ ಬಂತು. ಬೇರೆಯವರ ಕೈಯಲ್ಲಿ ಅದೇ ವಿಡಿಯೋವನ್ನು ನಾಲ್ಕು ನಿಮಿಷಕ್ಕೆ ಕಟ್ ಮಾಡಿಸಿ, ಹಿನ್ನೆಲೆಗೆ ಸಂಗೀತ ಹಾಕಿಸಿ ಎಲ್ಲರ ಮೊಬೈಲಿಗೂ ಕಳಿಸಿದೆ. ಎಲ್ಲರೂ ಮೆಚ್ಚಿದರು. ಅದರಲ್ಲಿ ಅವ್ವ ಕಾಣುವುದು ಎರಡು ಸೆಕೆಂಡು, ಅದೂ ಬೆನ್ನು.

ಇದಾಗಿ ಎರಡು ವರ್ಷಕ್ಕೆ ಅವ್ವನ ಹೆಸರುಗಳು ಹೋದದ್ದು. ನಾನು ಎದುರು ನಿಂತರೆ "ಇದು... ಇದು..." ಎಂದು ಕೈ ಆಡಿಸುವಳು. ಹೆಸರು ಸಿಗದೆ ಕಣ್ಣು ತುಂಬಿಕೊಳ್ಳುವಳು. ದಾವಣಗೆರೆಯಲ್ಲಿ ಮಾತು ಕಲಿಸುವ ಮೇಡಂ, "ಗುರುತಿರೋ ಮುಖಗಳನ್ನ ದಿನಾ ತೋರಿಸ್ರಿ. ಒಬ್ಬೊಬ್ಬರನ್ನೇ, ನಿಧಾನಕ್ಕೆ" ಎಂದರು. ನಾನು ಹೆಮ್ಮೆಯಿಂದ ನನ್ನ ನಾಲ್ಕು ನಿಮಿಷದ ವಿಡಿಯೋ ಹಾಕಿದೆ. ಮುಖಗಳು ಬಂದವು, ಹೋದವು. ಅವ್ವ ಒಂದನ್ನು ಹಿಡಿಯುವಷ್ಟರಲ್ಲಿ ಹತ್ತು ದಾಟಿರುತ್ತಿದ್ದವು. ಬಸ್ಸು ತಪ್ಪಿಸಿಕೊಂಡವಳಂತೆ ಕೂತಿದ್ದಳು. ವಿಡಿಯೋ ನಿಲ್ಲಿಸಿ ಮಾವನಿಗೆ ಫೋನು ಮಾಡಿದೆ.

ಮರುದಿನ ಬೆಳಗ್ಗೆಯೇ ಮಾವ ಬಂದಿಳಿದರು. ಕಂಪ್ಯೂಟರಿಗೆ ಬಸ್ಸಿನಲ್ಲಿ ಒಂದು ಸೀಟು, ತಮಗೊಂದು ಸೀಟು! ಅವ್ವನ ಮಂಚದ ಎದುರು ಎಲ್ಲ ಜೋಡಿಸಿ, ಸೀಟಿ ಊದಿ, "ರೈಟ್ ರೈಟ್, ಅಕ್ಕಾ" ಎಂದರು.

ಮೊದಲೆರಡು ದಿನ ಒಂದು ಹೆಸರೂ ಬರಲಿಲ್ಲ. ಮೂರನೆಯ ದಿನ ಗೃಹಪ್ರವೇಶದ ವಿಡಿಯೋದಲ್ಲಿ ಹೋಮ ಮುಗಿಯಿತು, ಹಸಿರು ಸೀರೆಯ ಅಜ್ಜಿ ಬಂದಳು, ಹಿಂದೆ ಎಮ್ಮೆ ಬಂತು. ಅವ್ವ ಪರದೆಯತ್ತ ಬೆರಳು ತೋರಿಸಿದಳು.

"ಗೌ...ಗೌರಿ!"

ಅಷ್ಟು ನೆಂಟರನ್ನು ಬಿಟ್ಟು, ಹೆತ್ತ ಮಗಳನ್ನೂ ಬಿಟ್ಟು, ಅವ್ವನಿಗೆ ಮೊದಲು ಸಿಕ್ಕ ಹೆಸರು ಎಮ್ಮೆಯದು! ನಾನು ಅಳುತ್ತ ನಕ್ಕೆ. ಮಾವ ಪಟ್ಟಿಯ ಕೊನೆಯಲ್ಲಿ ಎಮ್ಮೆಯ ಹೆಸರನ್ನೂ ಬರೆದು ಗುರುತು ಹಾಕಿದರು.

ಆಮೇಲೆ ಪಂಕ್ತಿಯೇ ಪಂಕ್ತಿ. ದಿನಕ್ಕೆ ನಲವತ್ತು ನಿಮಿಷ. ತಾನೇ ತುಪ್ಪ ಬಡಿಸುತ್ತಿರುವುದನ್ನು ನೋಡುತ್ತ, ವಿಡಿಯೋದೊಳಗಿನ ತನ್ನ ದನಿಯ ಜೊತೆಗೇ ಅವ್ವ ತಡವರಿಸಿ ಹೆಸರು ಹೇಳುವಳು. ಎಲೆಯ ಮುಂದಿನಿಂದ ಯಾರೂ ಎದ್ದು ಓಡುತ್ತಿರಲಿಲ್ಲವಲ್ಲ, ಅವಳಿಗೆ ಬೇಕಾದಷ್ಟು ಹೊತ್ತಿತ್ತು. "ಈಕಿಗೆ... ತುಪ್ಪ ಬ್ಯಾಡ, ಸಕ್ಕರೆ ಕಾಯಿಲೆ" ಎಂದ ದಿನ ಮಾವ ಎರಡು ಸಲ ಸೀಟಿ ಊದಿದರು. ತಿಂಗಳೊಳಗೆ ಕೊನೆಯ ಸಾಲಿನವರೆಗೂ ಹೆಸರುಗಳು ಬಂದವು. ನನ್ನದು ಬಂದದ್ದು ಮೂರನೆಯ ಸಾಲಿನಲ್ಲಿ.

ಕೊನೆಯ ಹೆಸರೂ ಬಂದ ದಿನ, ವಿಡಿಯೋದಲ್ಲಿ ಕೊನೆಯ ಸಾಲು ಎದ್ದು ಕೈ ತೊಳೆಯಲು ಹೋಯಿತು. ವಿಡಿಯೋ ನಿಂತಿತು.  ಅವ್ವ ತಡೆಯದೆ, ತಡವರಿಸದೆ ಹೇಳಿದಳು:

"ಎಲ್ಲಾರೂ ಉಂಡ್ರು. ನನ್ ತಮ್ಮ ಎಲ್ಲೂ ಕಾಣ್ಲಿಲ್ಲ. ಅವ್ನು ಉಂಡ್ನಾ?"

ಮಾವನ ಕೈಯ ಪೆನ್ಸಿಲ್ ನಿಂತಿತು. ಬಂದವರನ್ನೆಲ್ಲ ಎಣಿಸಿದ್ದ ಮನುಷ್ಯ ಕ್ಯಾಮೆರಾ ಹಿಡಿದ ತಲೆಯೊಂದನ್ನು ಎಣಿಸಿರಲೇ ಇಲ್ಲ. ನಾವೂ ಎಣಿಸಿರಲಿಲ್ಲ.

"ಇಲ್ಲಕ್ಕ," ಎಂದರು ಸಣ್ಣ ದನಿಯಲ್ಲಿ. "ಇನ್ನೂ ಇಲ್ಲ."

ಅವ್ವ ಮಂಚದ ಅಂಚು ಹಿಡಿದು ಎದ್ದಳು. ನನ್ನ ಹೆಸರು ಕೂಗಿ, "ಎಲಿ ಹಾಕೇ" ಎಂದಳು. ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವ್ವ ತುಪ್ಪದ ಗಿಂಡಿ ಬಗ್ಗಿಸಿದಳು. ಅರ್ಧ ಎಲೆಗೆ, ಅರ್ಧ ಅವರ ಪಂಚೆಗೆ.

ನಾನು ಮೊಬೈಲ್ ತೆಗೆದು ಹಿಡಿದುಕೊಂಡೆ. ಇಪ್ಪತ್ತೆರಡು ನಿಮಿಷದ ವಿಡಿಯೋ. ಒಬ್ಬ ಮನುಷ್ಯ ಉಣ್ಣುತ್ತಾನೆ, ಅವನ ಅಕ್ಕ ಬಡಿಸುತ್ತಾಳೆ, ಅಷ್ಟೇ. ಒಂದು ತುತ್ತನ್ನೂ ಕತ್ತರಿಸಿಲ್ಲ.