ಪ್ರಸಾದದ ಅರ್ಥನಿರ್ಣಯ

೧೯೪೪ರಲ್ಲಿ ಅರಕಲಗೂಡಿನಲ್ಲಿ ಅಕ್ಕಿಗೆ ಪರವಾನಗಿ ಬೇಕಿತ್ತು, ಪರವಾನಗಿಗೆ ಕಾರಣ ಬೇಕಿತ್ತು, ಕಾರಣಕ್ಕೆ ಅರ್ಥ ಬೇಕಿತ್ತು. ಯುದ್ಧದ ಕಾಲವಾದ್ದರಿಂದ ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ದಾಕ್ಷಾಯಣಮ್ಮನವರಿಗೆ ಇದು ತಿಳಿದದ್ದು ಅರ್ಜಿ ಕೊಟ್ಟ ಮೇಲೆ. ಊರಾಚೆಯ ಸಣ್ಣ ಮಠದಲ್ಲಿ ಅವರು ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ದಾರಿಹೋಕರಿಗೆ ಬಡಿಸುತ್ತಿದ್ದರು. ದಾರಿಹೋಕರೆಂದರೆ ಸುಮಾರು ನಲವತ್ತು ಜನ. ಅವರಲ್ಲಿ ಅನೇಕರಿಗೆ ವಾರದಲ್ಲಿ ಹೊಟ್ಟೆ ತುಂಬುವ ಊಟ ಅದೊಂದೇ. ಈಗ ಮಠದ ಕಣಜ ಬರಿದಾಗಿತ್ತು. ಅದಕ್ಕೇ ಪ್ರಸಾದಕ್ಕಾಗಿ ವಾರಕ್ಕೆ ಇಪ್ಪತ್ತು ಸೇರು ಅಕ್ಕಿ ಬೇಕೆಂದು ಬರೆಸಿಕೊಂಡು ಹೋಗಿದ್ದರು.

"ಪ್ರಸಾದ ಅಂದ್ರೇನಮ್ಮ?" ಎಂದ ಪರವಾನಗಿ ಕಚೇರಿಯ ಗುಮಾಸ್ತ ಚನ್ನಬಸವಯ್ಯ.

"ಓದ ಸ್ವಾಮಾರ ಮೂರು ಸಲ ನೀಡುಸ್ಕಂಡು ಉಂಡ್ಯಲ್ಲ, ಅದೇ ಕಣಪ್ಪ."

"ಉಂಡಿದ್ದು ನಾನು. ಕೇಳ್ತಿರೋದು ಕಚೇರಿ."

ಕಚೇರಿಗೆ ಹದಿನಾಲ್ಕನೆಯ ನಿಯಮವಿತ್ತು: 'ಒಂದಕ್ಕಿಂತ ಹೆಚ್ಚು ಅರ್ಥವುಳ್ಳ ಪದಕ್ಕೆ, ಅರ್ಥ ನಿಶ್ಚಯವಾಗುವವರೆಗೆ ಅಕ್ಕಿ ಕೊಡತಕ್ಕದ್ದಲ್ಲ. ಪ್ರತಿಯೊಂದು ಅರ್ಥವನ್ನೂ ಮಾದರಿಸಹಿತ ಪರೀಕ್ಷಿಸತಕ್ಕದ್ದು.' ಮಾದರಿ ಎಂದರೆ ತಿಂದು ನೋಡುವ ವಸ್ತು. ಸಾಹೇಬರಾದ ರಂಗಸ್ವಾಮಿಯವರ ಅಧ್ಯಕ್ಷತೆಯಲ್ಲಿ, ಚನ್ನಬಸವಯ್ಯನ ಸದಸ್ಯತ್ವದಲ್ಲಿ ಸಮಿತಿ ಹೊರಟಿತು.

ಹೊಳೆನರಸೀಪುರದ ಪಂಡಿತರು, ಸಂಸ್ಕೃತದಲ್ಲಿ ಪ್ರಸಾದವೆಂದರೆ ಕದಡಿದ ನೀರಿನಂತೆ ಮನಸ್ಸು ತಿಳಿಯಾಗುವುದು ಎಂದರು. ತಿನ್ನಲು ಏನೂ ಕೊಡಲಿಲ್ಲ. 'ಅರ್ಥ ಸಂದೇಹಾಸ್ಪದ' ಎಂದು ದಾಖಲಾಯಿತು. ಚನ್ನರಾಯಪಟ್ಟಣದಲ್ಲಿ, ರಂಗೂನಿನಿಂದ ಬಾಂಬಿಗೆ ಹೆದರಿ ವಾಪಸಾಗಿದ್ದ ಅಂಚೆ ನೌಕರರೊಬ್ಬರು, ಬೌದ್ಧರ ಪಾಳಿಯಲ್ಲಿ 'ಪಸಾದ' ಎಂದರೆ ನೆಮ್ಮದಿಯ ನಂಬಿಕೆ ಎಂದು ಹೇಳಿ ಕಾಫಿ ಕೊಟ್ಟರು. ಅರ್ಥ ತೆಳುವಾಗಿತ್ತು. ರಾಮನಾಥಪುರದ ಅರ್ಚಕರು ಅರ್ಥ ಹೇಳದೆ ಪುಳಿಯೋಗರೆ ಕೊಟ್ಟರು. ಸ್ಪಷ್ಟತೆಗಾಗಿ ಎರಡನೆಯ ಸಲ ಬಡಿಸಬೇಕಾಯಿತು. ಹಾಸನದಲ್ಲಿ ಮಿಲಿಟರಿ ಲಾರಿಯ ಸಿಖ್ ಡ್ರೈವರೊಬ್ಬ 'ಪರ್ಶಾದ್' ಎಂದು ತುಪ್ಪ ಒಸರುವ ಹಲ್ವ ಕೊಟ್ಟ. ಈ ಒಂದು ಅರ್ಥಕ್ಕಾಗಿ ಸಮಿತಿ ಹಾಸನಕ್ಕೆ ನಾಲ್ಕು ಸಲ ಹೋಗಿಬಂತು.

ಅಷ್ಟರಲ್ಲಿ ಮಠದಲ್ಲಿ ಮೂರು ಸೋಮವಾರ ನೀರುಮಜ್ಜಿಗೆ ಬಡಿಸಲಾಗಿತ್ತು. ದಾಕ್ಷಾಯಣಮ್ಮ ಮತ್ತೆ ಕಚೇರಿಗೆ ಹೋದರು.

"ಕನ್ನಡದ ಅರ್ಥ ಒಂದು ಬಾಕಿ ಇದೆ," ಎಂದರು ಸಾಹೇಬರು. "ಮಾದರಿ ಮಾಡ್ಕೊಡಿ."

"ಅಕ್ಕಿ ಇಲ್ದೆ ಎಂಗೆ ಮಾಡ್ಲಿ ಬುದ್ಧಿ?"

"ಮಾದರಿಗೆ ಅಕ್ಕಿ ನಾವೇ ಕೊಡ್ತೀವಿ. ಅದಕ್ಕೆ ಪರವಾನಗಿ ಬೇಡ. ತಿಂದು ನೋಡೋ ಒಬ್ಬೊಬ್ಬರಿಗೆ ಅರ್ಧ ಸೇರು."

ದಾಕ್ಷಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀವಿಬ್ರೇ ತಿಂದ್ರೆ, ತೆಲುಗ್ರನ್ನ ಕೇಳಿದ್ರಾ, ಸಾಬ್ರನ್ನ ಕೇಳಿದ್ರಾ ಅಂತ ನಾಳೆ ಮ್ಯಾಲ್ನೋರು ಕೇಳಾಕಿಲ್ವಾ?"

ಸಾಹೇಬರ ಪೆನ್ನು ನಿಂತಿತು. ಮೇಲಿನವರು ಕೇಳುವುದೊಂದನ್ನು ಬಿಟ್ಟರೆ ಅವರಿಗೆ ಸರ್ವೀಸಿನಲ್ಲಿ ಬೇರೆ ಭಯವಿರಲಿಲ್ಲ.

"ಅವರನ್ನೆಲ್ಲ ಎಲ್ಲಿ ಹುಡುಕೋದು?"

"ಸ್ವಾಮಾರ ನಮ್ಮ ಜಗುಲಿ ಮ್ಯಾಲೇ ಕುಂತಿರ್ತಾರೆ."

ಹೀಗೆ ನಲವತ್ತು ದಾರಿಹೋಕರು ಸಮಿತಿಗೆ ನೇಮಕವಾದರು; ಇಪ್ಪತ್ತು ಸೇರು ಅಕ್ಕಿ ಮಾದರಿಯ ಬಾಬ್ತಿನಲ್ಲಿ ಮಠಕ್ಕೆ ಬಂತು. ಮೊದಲ ಸಾಲಿನಲ್ಲಿ ಸಾಹೇಬರಿಗೂ ಗುಮಾಸ್ತನಿಗೂ ಮೊದಲು ಬಡಿಸಲಾಯಿತು, ಏಕೆಂದರೆ ಪರೀಕ್ಷೆ ಮೇಲಿನಿಂದ ಆರಂಭವಾಗಬೇಕು. ತೆಲುಗಿನ ಕಲ್ಲುಕುಟಿಗರು ಅಭಿಪ್ರಾಯ ಕೊಟ್ಟರು, ಮರಾಠಿ ಬೈರಾಗಿಯೊಬ್ಬ ಕೊಟ್ಟ. ಪಾತ್ರೆಗೆ ಕಲಾಯಿ ಹಾಕುವ ಸಾಬರು, "ನಮ್ಮಲ್ಲಿ ತಬರ್ರುಕ್ ಅಂತೀವಿ. ಹಂಚಿದ ಮ್ಯಾಲೇ ಅದಕ್ಕೆ ಆ ಹೆಸ್ರು," ಎಂದರು. ಎಲ್ಲರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಲಾಯಿತು.

ಕೊನೆಗೆ ಸಾಹೇಬರು ಕೇಳಿದರು: "ಹಾಗಾದರೆ ಅರ್ಥ ನಿಶ್ಚಯವಾಯಿತೆ?"

ಆಯಿತೆಂದರೆ ಕಡತ ಮುಗಿಯುತ್ತದೆ. ಕಡತ ಮುಗಿದರೆ ಮಾದರಿಯೂ ನಿಲ್ಲುತ್ತದೆ. ಸಾಲಿನ ಕೊನೆಯ ಮುದುಕ ನಂಜಪ್ಪ ಸುಳ್ಳು ಹೇಳಿದವನಲ್ಲ. "ಆಯ್ತು ಸಾ," ಎಂದು ಬಾಯಿ ತೆಗೆದ. ಮೂವತ್ತೊಂಬತ್ತು ಜನ ತಿರುಗಿ ನೋಡಿದರು. ದಾಕ್ಷಾಯಣಮ್ಮ ಬಂದು ಅವನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ನಂಜಪ್ಪ ಅನ್ನವನ್ನು ನೋಡಿದ. "ಆಯ್ತು ಅಂದ್ಕಂಡಿದ್ದೆ ಸಾ. ಇನ್ನೂ ಒಸಿ ಉಳ್ಕಂಡದೆ."

'ಮುಂದಿನ ಸೋಮವಾರಕ್ಕೆ ಮುಂದೂಡಲಾಗಿದೆ' ಎಂದು ಚನ್ನಬಸವಯ್ಯ ಬರೆದುಕೊಂಡ.

ಯುದ್ಧ ಮುಗಿಯಿತು. ರಂಗಸ್ವಾಮಿಯವರಿಗೆ ವರ್ಗವಾಯಿತು. ಹೊಸ ಸಾಹೇಬರು ಬಂದ ದಿನವೇ ಕಡತ ನೋಡಿ, ಇದನ್ನು ಒಂದೇ ಸಭೆಯಲ್ಲಿ ಇತ್ಯರ್ಥ ಮಾಡುತ್ತೇನೆಂದರು. ದಾಕ್ಷಾಯಣಮ್ಮ ಅವರಿಗೆ ಮೊದಲ ಸಾಲಿನಲ್ಲಿ ಎಲೆ ಹಾಕಿದರು. ಊಟ ಅರ್ಧವಾಗಿರುವಾಗಲೇ ಅವರು ಪೆನ್ನು ತರಿಸಿಕೊಂಡು, ವಿಷಯ ಬಹಳ ಗಹನವಾಗಿದೆ ಎಂದು ಎಡಗೈಯಲ್ಲೇ ಬರೆದರು.