ಅಜ್ಜಿಯ ಹೆಬ್ಬೆಟ್ಟು, ನನ್ನ ಇಪ್ಪತ್ತು ಮಾರ್ಕ್ಸು

೧. ಇಲ್ಲದ ಮರದ ಹತ್ತಿರ ಎಡಕ್ಕೆ

"ಹುಣಸೇಮರ ಇತ್ತಲ್ಲ, ಹೋದೊರ್ಸ ಬಿದ್ದೋಯ್ತು, ಅಲ್ಲಿ ಎಡಕ್ಕೆ ತಿರುಕ್ಕೊ," ಅಂದಳು ಅಜ್ಜಿ.

ಬಿದ್ದುಹೋದ ಮರವನ್ನು ಗುರುತು ಹಿಡಿಯುವುದು ಹೇಗೆ ಅಂತ ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಪ್ರವಾಸಿಗರನ್ನು ಕಟ್ಟಿಕೊಂಡು ದೇಶದೇಶ ಸುತ್ತಿದವಳು ನಾನು. ಇಸ್ತಾಂಬುಲ್‌ನ ಸಂತೆಯೊಳಗಿಂದ ನಲವತ್ತು ಜನರನ್ನು ಒಬ್ಬರೂ ಕಳೆಯದ ಹಾಗೆ ಹೊರಗೆ ತಂದಿದ್ದೇನೆ. ಹುಲಿಕೆರೆ ದಾಟಿದ ಮೇಲೆ ಮಾತ್ರ ಸ್ಕೂಟರ್ ಸಮೇತ ನಾನೇ ಕಳೆದುಹೋಗಿದ್ದೆ. ನಲವತ್ತೆಂಟನೇ ವಯಸ್ಸಿನಲ್ಲಿ ಅರಸೀಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರಕ್ಕೆ ಸೇರಿದ ಮೇಲೆ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ.

ಅಜ್ಜಿ ಮೋರಿ ಕಟ್ಟೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು, ತಲೆ ಮೇಲೆ ಎತ್ತಿಕೊಡುವವರಿಗಾಗಿ ಕಾಯುತ್ತಿದ್ದಳು. ನನ್ನ ಸಂಕಟ ಹೇಳಿಕೊಂಡೆ. ಗ್ರಾಮಸಭೆಯೊಂದನ್ನು ಕಣ್ಣಾರೆ ನೋಡಿ, ಅಧಿಕಾರಿಯ ಸಹಿ ಸೀಲು ಹಾಕಿಸಿಕೊಂಡು ವರದಿ ಬರೆದರೆ ಇಪ್ಪತ್ತು ಮಾರ್ಕ್ಸು. ವರದಿಯ ಗಡುವಿನೊಳಗೆ ಇವತ್ತಿನದೇ ಕೊನೆಯ ಸಭೆ, ತಪ್ಪಿದರೆ ಡಿಗ್ರಿ ಇನ್ನೊಂದು ವರ್ಷ ದೂರ. ಸಭೆ ಇದ್ದದ್ದು ಅವಳ ಊರಿನಲ್ಲೇ, ಅಲ್ಲಿ ಹೋದ ಸಲ ನಿಯಮದಷ್ಟು ಹೆಂಗಸರು ಸೇರದೆ ಸಭೆಯನ್ನೇ ಮುಂದೂಡಿದ್ದರಂತೆ. ಹಾಗಾಗಿ ದಾರಿಯಲ್ಲಿ ಸಿಕ್ಕ ಹೆಂಗಸನ್ನು ನಾನು ಬಿಡುವ ಹಾಗಿರಲಿಲ್ಲ.

ಅಜ್ಜಿ ಸಭೆಗೆ ಹೋಗುವುದನ್ನೇ ಬಿಟ್ಟಿದ್ದಳು. ಮನೆ ಮುಂದೆ ಕಂಬ ಇದೆ, ಬಲ್ಬ್ ಇಲ್ಲ. ಮೂರು ಸಭೆಯಲ್ಲಿ ಕೇಳಿ ಕೇಳಿ ಬಾಯಿ ನೋವು ಬಂದಿತ್ತು. ನಾನು ಕೈ ಮುಗಿದೆ.

"ಆಯ್ತು, ನಿನ್ ಮಾರ್ಕ್ಸಿಗೆ ಅಂತ ಬತ್ತೀನಿ. ಋಣ ನಿನ್ ತಲೆ ಮ್ಯಾಲಿರ್ತದೆ. ನಾನ್ ಕೇಳ್ದಾಗ ತೀರಿಸ್ಬೇಕು ಕಣವ್ವ."

ಹೊರೆ ನನ್ನ ಕಾಲ ಬಳಿ, ಅಜ್ಜಿ ಬೆನ್ನ ಹಿಂದೆ. ಮರ ಇಲ್ಲದ ಜಾಗ ಬಂದ ಕೂಡಲೇ ಎಡಭುಜಕ್ಕೆ ಒಂದು ಗುದ್ದು ಬಿತ್ತು. ಇಂಡಿಕೇಟರ್ ಹಾಕಿದೆ.

೨. ತಪಾಸಣೆ

ಈ ವಯಸ್ಸಿನಲ್ಲಿ ಎಂಥಾ ಓದು ಅಂತ ಅಜ್ಜಿ ಕೇಳಿದ್ದಕ್ಕೆ ಮೊದಲ ದಿನದ ಕತೆ ಹೇಳಿದೆ.

ಅವತ್ತು ನಾನು ಒಳಗೆ ಕಾಲಿಟ್ಟಾಗ ಇಡೀ ತರಗತಿ ಎದ್ದು ನಿಂತಿತು. ಕೂತ್ಕೊಳ್ಳಿ ಅಂದು ಹಿಂದಿನ ಬೆಂಚಿಗೆ ಹೋದೆ. ಆಮೇಲೆ ಬಂದ ಮೇಷ್ಟ್ರು ನನಗಿಂತ ಹನ್ನೆರಡು ವರ್ಷವಾದರೂ ಚಿಕ್ಕವರು. ನನ್ನನ್ನು ನೋಡಿ ಬಿಳಿಚಿಕೊಂಡರು. ಬೋರ್ಡನ್ನು ತಾವೇ ಎರಡು ಸಲ ಒರೆಸಿದರು. ಮೂಲಭೂತ ಹಕ್ಕುಗಳ ಪಾಠವನ್ನು ಬೆವರು ಸುರಿಸಿಕೊಂಡು, ಉದಾಹರಣೆ ಸಮೇತ, ಒಂದು ಸಲವೂ ನೋಟ್ಸ್ ನೋಡದೆ ಮಾಡಿ ಮುಗಿಸಿದರು. ಕೊನೆಗೆ ಹಾಜರಿ ಕೂಗಿದಾಗ ಕಟ್ಟಕಡೆಯ ಹೆಸರಿಗೆ ನಾನು ಎದ್ದು "ಪ್ರೆಸೆಂಟ್ ಸರ್" ಅಂದೆ.

ನನ್ನನ್ನು ತಪಾಸಣೆಗೆ ಬಂದವರು ಅಂದುಕೊಂಡಿದ್ದರಂತೆ. ಮೊದಲೇ ಹೇಳಬಾರದಾ ಮೇಡಂ, ಅಂತ ಕುರ್ಚಿಯಲ್ಲಿ ಕುಸಿದರು.

ಮಾರನೇ ದಿನ ಮುಂದಿನ ಬೆಂಚಿನ ಹುಡುಗಿ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದಳು: "ಆಂಟಿ, ನಾಳೆ ಬೇರೆ ಸೀರೆ ಉಟ್ಕೊಂಡು, ಕನ್ನಡಕ ಹಾಕ್ಕೊಂಡು ಬರ್ತೀರಾ? ಇನ್ನೊಂದು ದಿನ ಪಾಠ ಆಗ್ಲಿ."

೩. ಜಾವಗಲ್ ಬಸ್ಸು ಉಳಿಸಿದ ಸರ್ಕಾರ

ಇನ್ನೂ ಊರು ಬಂದಿರಲಿಲ್ಲ, ಕಾಲೇಜಿನ ಅಣಕು ಸಂಸತ್ತಿನ ಕತೆಗೆ ಇಳಿದೆ. ಪೇಟೆಯ ಮಕ್ಕಳು ಆಡಳಿತ ಪಕ್ಷ, ಜಾವಗಲ್ ಬಸ್ಸಿನಲ್ಲಿ ಓಡಾಡುವ ಗುಂಪು ವಿರೋಧ ಪಕ್ಷ. ವಯಸ್ಸಿನ ಮರ್ಯಾದೆಗೆ ನಾನು ಸ್ಪೀಕರ್. ಅವಿಶ್ವಾಸ ನಿರ್ಣಯ ಬಂತು. ಆಡಳಿತ ಪಕ್ಷದ ಇಬ್ಬರು ಒಂದು ಪಪ್ಸಿಗೆ ಪಕ್ಷಾಂತರ ಮಾಡಿದ್ದರಿಂದ ಸರ್ಕಾರ ಬೀಳುವುದು ಖಾತ್ರಿಯಾಗಿತ್ತು.

ಪ್ರಧಾನಿ ಉತ್ತರ ಕೊಡಲು ಎದ್ದಳು. ಕೊಬ್ಬರಿ ವ್ಯಾಪಾರಿಯ ಮಗಳು, ಮನೆ ಕಾಲೇಜಿನ ಹಿಂದೆಯೇ. ಕುಡಿಯುವ ನೀರಿನಿಂದ ಹಿಡಿದು ಮಂಗಗಳ ಕಾಟದ ತನಕ ಮಾತಾಡಿದಳು. ನಾನು ಗಂಟೆ ಬಾರಿಸಿದರೆ ನನಗೊಂದು ನಮಸ್ಕಾರ ಹಾಕಿ ಮುಂದುವರಿಸಿದಳು. ಮೂರೂವರೆಗೆ ಹೊರಗೆ ಹಾರ್ನ್ ಕೇಳಿದ್ದೇ ವಿರೋಧ ಪಕ್ಷ ಬ್ಯಾಗು ಎತ್ತಿಕೊಂಡು "ಸಭಾತ್ಯಾಗ" ಅಂತ ಕೂಗುತ್ತಾ ಓಡಿತು, ಪಕ್ಷಾಂತರಿಗಳೂ ಬೆಪ್ಪಾಗಿ ಸರ್ಕಾರಕ್ಕೇ ಕೈ ಎತ್ತಿದರು.

ಆಮೇಲೆ ಕೇಳಿದರೆ ಪ್ರಧಾನಿ ನಕ್ಕಳು. ಬಸ್ಸಿನ ಟೈಮ್ ನೋಡಿಕೊಂಡೇ ಎದ್ದಿದ್ದಳಂತೆ. ಕೊಬ್ಬರಿ ಮಂಡಿಯಲ್ಲಿ ಅವರಪ್ಪನೂ ದೂರದ ಊರಿನವರ ಜೊತೆ ಹೀಗೇ ಬಸ್ಸಿನ ಹೊತ್ತಿನ ತನಕ ರೇಟು ಎಳೆಯುತ್ತಾರಂತೆ.

ಅಜ್ಜಿ ನಗಲಿಲ್ಲ. ಬೆನ್ನ ಹಿಂದಿನಿಂದ ಮಾತು ಬಂತು. "ಎದ್ದೋದೋರು ಸೋತ್ರು. ಎದ್ದೋಯ್ತೀನಿ ಅಂತ ನಿಂತ್ಕಂಡಿದ್ರೆ ಗೆಲ್ಲೋರು."

ಮೂರು ವರ್ಷದ ಸಿಲಬಸ್ಸಿನಲ್ಲಿ ಈ ಸಾಲು ನನಗೆ ಎಲ್ಲೂ ಸಿಕ್ಕಿರಲಿಲ್ಲ.

೪. ಗಾಳಿಯಲ್ಲಿ ಹೆಬ್ಬೆಟ್ಟು

ಶಾಲೆ ಮುಂದೆ ಶಾಮಿಯಾನ ಹಾಕಿದ್ದರು. ಪಂಚಾಯಿತಿ ಅಧಿಕಾರಿ ಪುಸ್ತಕದಲ್ಲಿ ಸಹಿಗಳನ್ನು ಎಣಿಸಿ ಹೆಂಗಸರು ಇನ್ನೂ ಒಬ್ಬರು ಬೇಕು ಅಂತ ಹಣೆ ಒತ್ತಿಕೊಳ್ಳುವಾಗ ಅಜ್ಜಿ ಇಳಿದಳು. ಅವರ ಮುಖ ಅರಳಿತು, ನನ್ನದೂ. ಇಂಕ್ ಪ್ಯಾಡ್ ಮುಂದೆ ಬಂತು.

ಅಜ್ಜಿ ಹೆಬ್ಬೆಟ್ಟು ಅದ್ದಿದಳು, ಪುಸ್ತಕದ ಮೇಲೆ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿದಳು.

"ದೀಪ ಯಾವಾಗ ಸಾಮಿ? ಇಲ್ಲಾಂದ್ರೆ ಎದ್ದೋಯ್ತೀನಿ."

ಆಮೇಲೆ ಹತ್ತು ನಿಮಿಷ ಆ ನೀಲಿ ಹೆಬ್ಬೆಟ್ಟು ಗಾಳಿಯಲ್ಲೇ ಇತ್ತು. ಅದರ ಕೆಳಗೆ ನನ್ನ ಡಿಗ್ರಿಯೂ ಇತ್ತು. ಅಧಿಕಾರಿ ಅನುದಾನ ಅಂದರು, ಅಜ್ಜಿ ಬೈದಳು. ಟೆಂಡರ್ ಅಂದರು, ಇನ್ನಷ್ಟು ಬೈದಳು. ಕೊನೆಗೆ ಅವರು, ಹದಿನೈದು ದಿನದಲ್ಲಿ ದೀಪ ಬರದಿದ್ದರೆ ನಾನೇ ಕಂಬದ ಕೆಳಗೆ ಟಾರ್ಚ್ ಹಿಡಿದು ನಿಲ್ತೀನಿ ತಾಯಿ, ಒತ್ತಿ, ಅಂದರು. ಹೆಬ್ಬೆಟ್ಟು ಇಳಿಯಿತು.

ನನ್ನ ವರದಿಯ ಕಾಗದಕ್ಕೆ ಸೀಲು ಹಾಕುವಾಗ ಅವರ ನಡಾವಳಿ ಪುಸ್ತಕ ಕಣ್ಣಿಗೆ ಬಿತ್ತು. ಹತ್ತು ನಿಮಿಷದ ಯುದ್ಧಕ್ಕೆ ಒಂದೇ ಸಾಲು ಇತ್ತು: "ಬೀದಿ ದೀಪದ ಬಗ್ಗೆ ಸೌಹಾರ್ದಯುತವಾಗಿ ಚರ್ಚಿಸಲಾಯಿತು."

೫. ಋಣ

ನನ್ನ ವರದಿಗೆ ಇಪ್ಪತ್ತಕ್ಕೆ ಹದಿನೆಂಟು ಬಂತು. ಅಜ್ಜಿಯ ಕಂಬಕ್ಕೆ ಬಲ್ಬ್ ಬರಲಿಲ್ಲ. ಮುಂದಿನ ಸಭೆಯ ದಿನ ಬೆಳಿಗ್ಗೆ ಅಜ್ಜಿಯ ಫೋನು: ಬಂದು ಋಣ ತೀರಿಸು, ನೀನು ಬರೆದದ್ದನ್ನು ತಗೊಂಡು ಬಾ.

ಈ ಸಲ ಬಿದ್ದ ಮರದ ಹತ್ತಿರ ನಾನೇ ಎಡಕ್ಕೆ ತಿರುಗಿದೆ.

ಮೈಕಿನಲ್ಲಿ ವರದಿ ಓದತೊಡಗಿದೆ. ಹೊರಗಿನವರು ಮಾತಾಡುವ ಹಾಗಿಲ್ಲ, ಇದಕ್ಕೆ ದಾಖಲೆ ಏನು, ಅಂತ ಅಧಿಕಾರಿ ತಡೆದರು. ಅಜ್ಜಿ ಎದ್ದಳು.

"ನಿಮ್ದೇ ಸೀಲ್ ಐತಲ್ಲ ಸಾಮಿ. ಮ್ಯಾಲೆ ಕಾಲೇಜ್ನೋರು ಹದ್ನೆಂಟ್ ಮಾರ್ಕ್ಸ್ ಕೊಟ್ಟವ್ರೆ. ಸುಳ್ಳಾಗಿದ್ರೆ ಕೊಡೋರಾ?"

ಟಾರ್ಚಿನ ಸಾಲು ಓದಿದೆ. ಹಿಂದಿನಿಂದ ಯಾರೋ, ಟಾರ್ಚ್ ತಂದಿದೀರಾ ಸಾ, ಅಂತ ಕೇಳಿದರು. ಅಧಿಕಾರಿ ಅಲ್ಲೇ ಲೈನ್‌ಮ್ಯಾನ್‌ಗೆ ಫೋನ್ ಹಚ್ಚಿದರು. ಸಭೆ ಮುಗಿಯುವ ಮೊದಲೇ ಏಣಿ ಬಂತು, ಬಲ್ಬೂ ಬಂತು.

ಋಣ ತೀರಿತಾ ಅಜ್ಜಿ, ಅಂತ ಕೇಳಿದೆ. ಅವಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. "ಇನ್ನೆರಡು ಮಾರ್ಕ್ಸ್ ಯಾಕ್ ಕೊಡ್ನಿಲ್ಲ?"

ವರದಿ ಪೂರ್ತಿಯಾಗಿಲ್ಲ ಅಂತ ಮೇಷ್ಟ್ರು ಷರಾ ಬರೆದಿದ್ದರು. ನೀವು ಬೈದದ್ದನ್ನೆಲ್ಲ ಮರ್ಯಾದೆಗೆ ಬಿಟ್ಟಿದ್ದೆ ಅಜ್ಜಿ, ಅಂದೆ.

"ಅದ್ನೇ ಬಿಟ್ಯಾ? ನಾನ್ ಬೇರೆ ಏನ್ ಮಾತಾಡಿದ್ದೆ ಅಲ್ಲಿ?"

ಮೈಕ್ ಇನ್ನೂ ಆನ್ ಇತ್ತು. ವಾಪಸ್ ಹೋಗಿ, "ನಿನ್ ಸೀಲಿಗೆ ಗೆದ್ದಲು ಹತ್ತ" ಎಂಬಲ್ಲಿಂದ ಶುರುಮಾಡಿ, ನೆನಪಿದ್ದಷ್ಟನ್ನೂ ಸ್ಪಷ್ಟವಾಗಿ ಹೇಳಿ, ನಡುವೆ ಮರೆತಾಗ ಅಜ್ಜಿಯನ್ನೇ ಕೇಳಿ ತಿದ್ದಿಕೊಂಡು, ಋಣ ಪೂರ್ತಿ ತೀರಿಸಿದೆ.