ಚಂದ್ರಾಮಪ್ಪನ ಕಿವಿಗೆ ಕರೆಂಟು ಬಂದ ದಿನ

ಚಂದ್ರಾಮಪ್ಪನ ಮನೆತನದಲ್ಲಿ ಹೊಲ ಮತ್ತು ಕಿವುಡು ಎರಡೂ ತಂದೆಯಿಂದ ಮಗನಿಗೆ ಬರುತ್ತಿದ್ದವು. ಹೊಲ ಮಾರಿಹೋಗಿ ಬಹಳ ಕಾಲವಾಗಿತ್ತು. ಕಿವುಡನ್ನು ಕೊಳ್ಳುವವರು ಸಿಗಲಿಲ್ಲ. ಮದುವೆಗೆ ಮೊದಲೇ ಅವನ ಕಿವಿ ಮುಚ್ಚಿಹೋಗಿದ್ದರಿಂದ ಹೆಂಡತಿ ಚಿಕ್ಕಮುನಿಯಮ್ಮನ ದನಿ ಹೇಗಿದೆಯೆಂದು ಮರ್ಫಿ ಟೌನಿನ ಆ ಸಂದಿಯಲ್ಲಿ ಅವನೊಬ್ಬನಿಗೆ ಗೊತ್ತಿರಲಿಲ್ಲ. ಗಂಡ ಹೆಂಡತಿ ಕೈಸನ್ನೆಯಲ್ಲೇ ಸಂಸಾರ ಮಾಡಿದ್ದರು. ಆ ದನಿಯೊಂದನ್ನು ಕೇಳಬೇಕೆಂದೇ ಅವನು, ತಲೆಗೂದಲು ನರೆಯತೊಡಗಿದ ವಯಸ್ಸಿನಲ್ಲಿ, ಆಪರೇಷನ್ ಮಾಡಿಸಿಕೊಂಡು ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಕರೆಂಟಿನ ಯಂತ್ರ ಹಾಕಿಸಿಕೊಂಡ.

ಗಾಯ ಮಾಗಿದ ಮೇಲೆ ಆಸ್ಪತ್ರೆಯವರು ಕಿವಿಯ ಹಿಂದೆ ಹೊರಗಿನ ಮೆಷಿನ್ ಅಂಟಿಸಿ ಆನ್ ಮಾಡಿದರು. "ಮೊದಮೊದ್ಲು ತಗಡು ಕೆರೆದಂಗೆ ಕೇಳ್ಸುತ್ತೆ. ಸ್ವಲ್ಪ ದಿನ ಎಲ್ರೂ ಮೆತ್ತಗೆ ಮಾತಾಡ್ಲಿ" ಎಂದರು ಡಾಕ್ಟರು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಆಟೋ ಡ್ರೈವರ್ ಇನಾಯತ್ ಉಲ್ಲಾ ಗಂಭೀರವಾಗಿ ತಲೆಯಾಡಿಸಿ, ಹೊರಗೆ ಬಂದವನೇ ಹಾರ್ನ್ ಒತ್ತಿದ.

"ಕೇಳ್ಸ್ತಾ ಗುರು?"

ಹಲಸೂರು ದಾಟುವವರೆಗೂ ಪ್ರತಿ ಸಿಗ್ನಲ್ಲಿನಲ್ಲಿ ಈ ಪರೀಕ್ಷೆ ನಡೆಯಿತು.

ಮನೆ ಮುಂದೆ ಸಂದಿಗೆ ಸಂದಿಯೇ ನೆರೆದಿತ್ತು. ಎದುರುಮನೆಯ ರಾಮಣ್ಣ ತಟ್ಟೆ ಬಡಿದ. ಇನಾಯತ್‌ನ ಹೆಂಡತಿ ಮಜೀದಾ ಸ್ಟವ್ ಸಮೇತ ಕುಕ್ಕರ್ ತಂದು ಅವನ ಪಕ್ಕದಲ್ಲೇ ವಿಷಲ್ ಕೂಗಿಸಿದಳು. ಚಂದ್ರಾಮಪ್ಪನ ತಲೆ ಬಾಣಲೆಯಂತೆ ಕಾಯಿತು. ಚಿಕ್ಕಮುನಿಯಮ್ಮ ಮಾತ್ರ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದು ಕೈಸನ್ನೆ ಮಾಡಿದಳು.

"ಬಾಯಲ್ಲಿ ಹೇಳೇ" ಎಂದ.

ಅವಳು ತಲೆ ಅಲ್ಲಾಡಿಸಿದಳು.

"ಬೈದ್ರೂ ಸರಿ. ಒಂದೇ ಒಂದು ಮಾತು."

ಊಟ ಆರುತ್ತಿದೆ ಎಂದು ಅವಳು ಕೈಯಲ್ಲೇ ತೋರಿಸಿದಳು. ರಾಮಣ್ಣನೂ ಮಜೀದಾಳೂ ಮುಖ ಮುಖ ನೋಡಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

ಊಟಕ್ಕೆ ಕೂತಾಗ ತಲೆನೋವು ತಡೆಯಲಾರದೆ ಅವನು ಮೆಷಿನ್ ತೆಗೆದು ಪಕ್ಕಕ್ಕಿಟ್ಟ. ಲೋಕ ಮತ್ತೆ ತಣ್ಣಗಾಯಿತು. ಅವನ ಬೆನ್ನ ಹಿಂದೆ ನಿಂತಿದ್ದ ಚಿಕ್ಕಮುನಿಯಮ್ಮ ಅದನ್ನು ನೋಡಿ ಉಸಿರು ಬಿಟ್ಟು, ಗೋಡೆಯಾಚೆಗಿದ್ದ ಮಜೀದಾಳನ್ನು ಕೂಗಿದಳು.

"ನೋಡ್ದೇನೇ ಮಜೀದಾ? ಮದ್ವೆ ಆದಾಗಿಂದ ಈವಯ್ಯನ್ನ, ಇವ್ರಪ್ಪನ್ನ, ಇವ್ರ ವಂಶಾನೆಲ್ಲ ಬಾಯ್ತುಂಬ ಬೈಕೊಂಡು ನೆಮ್ಮದಿಯಾಗಿದ್ದೆ. ಬೈಗುಳ ಬಿಟ್ಟು ಈವಯ್ಯನ ಹತ್ರ ಬಾಯಲ್ಲಿ ಬೇರೆ ಏನೂ ಮಾತಾಡಿ ಅಭ್ಯಾಸಾನೇ ಇಲ್ಲ. ಈಗ ಏನಂತ ಬಾಯಿ ಬಿಡ್ಲಿ?"

"ಹಂಗೇ ಕೈಯಲ್ಲೇ ನಡೆಸ್ಕೊಂಡು ಹೋಗಕ್ಕಾ" ಎಂದಳು ಮಜೀದಾ.

ಎದುರಿನ ಬೀರುವಿನ ಕನ್ನಡಿಯಲ್ಲಿ ಹೆಂಡತಿಯ ಬಾಯಿ ಹೊಲಿಗೆ ಮೆಷಿನ್ನಿನಂತೆ ಓಡುವುದು ಚಂದ್ರಾಮಪ್ಪನಿಗೆ ಕಂಡಿತು. ಅವನು ಹಿಗ್ಗಿ, ಎಂಜಲು ಕೈಯಲ್ಲೇ ಮೆಷಿನ್ ಎತ್ತಿ ಕಿವಿಯ ಹಿಂದೆ ಅಂಟಿಸಿಕೊಂಡು ತಿರುಗಿದ.

ಚಿಕ್ಕಮುನಿಯಮ್ಮ ಬಾಯಿ ಮುಚ್ಚಿ, ಇನ್ನೊಂದು ಮುದ್ದೆ ಬೇಕಾ ಎಂದು ಬೆರಳೆತ್ತಿ ಕೇಳಿದಳು.